ಗೂಡಿನ ಪೇಟೆ, ಷೇರಿನ ಪೇಟೆ

ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗಿನ ಹೊತ್ತು ಹೋದವರು ಅಲ್ಲಿಯ ದೃಶ್ಯವನ್ನು ಮರೆಯಲಾರರು. ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆಯಿಂದ ಬಂದ ರೈತರು ತಮ್ಮ ಗೂಡುಗಳನ್ನು ಸುರುವಿಕೊಂಡು ಕಾದಿರುತ್ತಾರೆ. ನೂಲು ಬಿಚ್ಚುವವರು ಅವುಗಳಲ್ಲಿ ಒಂದೆರಡನ್ನೆತ್ತಿ, ಅದುಮಿ, ಕಿವಿಯ ಬಳಿ ಅಲುಗಿಸಿ ನೋಡಿ ಮುಂದೆ ಸಾಗುತ್ತಾರೆ. ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ಮೊಬೈಲಿಗೆ ಬಂದಿದೆ. ರೈತನ ಮುಖದ ಆತಂಕ ಮಾತ್ರ ಹಾಗೆಯೇ ಇದೆ. ನಿನ್ನೆಯ ಬೆಲೆ ಇಂದಿಲ್ಲ. ಷೇರುಪೇಟೆಯ ಏರಿಳಿತವನ್ನು ಕುರಿತು ನಾಲ್ಕು ಮಾತನಾಡಿ ಎಂದು ಬಾನುಲಿಯವರು ಕೇಳಿದಾಗ, ಕನ್ನಡದ ಮೇಷ್ಟರಾಗಿದ್ದ ನನಗೆ ಮೊದಲು ನೆನಪಾದದ್ದು ಈ ಪೇಟೆಯೇ.

ಹುಳು ಹಣ್ಣಾಗಿ ಚಂದ್ರಿಕೆಯೇರಿ ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಒಳಗಿನ ಕೋಶ ಚಿಟ್ಟೆಯಾಗುತ್ತದೆ. ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಅಖಂಡವಾದ ಎಳೆ ತೆಗೆಯುವುದು ಸಾಧ್ಯವಿಲ್ಲ. ಅಷ್ಟರೊಳಗೆ ರೈತ ಮಾರಲೇಬೇಕು. ‘ತಾಳು’ ಎಂಬ ಒಂದೇ ಧಾತುವಿನಿಂದ ನಮ್ಮಲ್ಲಿ ತಾಳ್ಮೆಯೂ ಹುಟ್ಟಿದೆ, ತಾಳಿಕೆಯೂ ಹುಟ್ಟಿದೆ. ರೇಷ್ಮೆ ಬೆಳೆಯುವವನಿಗೆ ತಾಳ್ಮೆ ಬೇಕಾದಷ್ಟಿದೆ, ಅವನ ಸರಕಿಗೆ ತಾಳಿಕೆಯಿಲ್ಲ. ಷೇರು ಹಾಗಲ್ಲ. ಅದೊಂದು ಉದ್ಯಮದ ಪಾಲು. ಇಂದು ಬೆಲೆಯಿಳಿಯಿತೆಂದು ಇಂದೇ ಮಾರಬೇಕೆಂಬ ನಿರ್ಬಂಧ ಅದರ ಸ್ವಭಾವದಲ್ಲಿಲ್ಲ. ಆದರೂ ಷೇರು ಕೊಂಡವರು ಪೇಟೆ ಕುಸಿದ ದಿನವೇ ಮಾರಿ ಕೈ ಸುಟ್ಟುಕೊಳ್ಳುವುದೇಕೆ?

ಇದಕ್ಕೆ ಮುಂಬಯಿಯ ಹಳೆಯ ಕಥೆಯೊಂದಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಾಯಿತು. ಧಾರವಾಡ ಸೀಮೆಯ ಹತ್ತಿಗೂ ಆಗ ಭಾಗ್ಯ ತೆರೆಯಿತು. (ಅಮೆರಿಕದ ಬೀಜದಿಂದಲೇ ಬೆಳೆದ ಹತ್ತಿ ಅದು; ಇತಿಹಾಸಕ್ಕೂ ಹಾಸ್ಯಪ್ರಜ್ಞೆ ಉಂಟು.) ಹತ್ತಿಯ ಹಣ ಮುಂಬಯಿಗೆ ಹರಿದುಬಂದು ಷೇರುಗಳ ಮೇಲೆ ಸುರಿಯಿತು. ಸಮುದ್ರವನ್ನು ತುಂಬಿ ನೆಲ ಮಾಡುತ್ತೇವೆಂದು ಹೊರಟ ಬ್ಯಾಕ್‌ಬೇ ಕಂಪನಿಯ 5,000 ರೂಪಾಯಿಯ ಷೇರು 50,000ದ ಮಟ್ಟಕ್ಕೆ ಏರಿತು. ಪ್ರೇಮಚಂದ್ ರಾಯ್‌ಚಂದರ ಒಂದು ಮಾತಿಗೆ ಬ್ಯಾಂಕುಗಳು ಸಾಲ ಕೊಡುತ್ತಿದ್ದ ಕಾಲ ಅದು. 1865ರ ಏಪ್ರಿಲ್‌ನಲ್ಲಿ ಯುದ್ಧ ಮುಗಿಯುತ್ತ ಬಂತು, ಹತ್ತಿಯ ಬೆಲೆ ಬಿತ್ತು. ವಾಯಿದೆ ವ್ಯಾಪಾರಗಳೆಲ್ಲ ಜುಲೈ 1ರಂದು ಚುಕ್ತಾ ಆಗಬೇಕಿತ್ತು. ಕೊಡುವವರಲ್ಲಿ ಹಣವಿಲ್ಲ, ಕೊಳ್ಳುವವರೇ ಇಲ್ಲ. ಬ್ಯಾಂಕ್ ಆಫ್ ಬಾಂಬೆ ಕೂಡ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಆ ಜುಲೈ 1ನ್ನು. ಕಾಗದಕ್ಕೆ ಇಲ್ಲದ ಗಡುವನ್ನು ಸಾಲ ತಂದಿಟ್ಟಿತ್ತು. ಸಾಲ ಮಾಡಿ ಕೊಂಡ ಷೇರಿನೊಳಗೂ ಒಂದು ಚಿಟ್ಟೆ ಬೆಳೆಯುತ್ತಿರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. 2008ರ ಜನವರಿಯಲ್ಲಿ ಮುಂಬಯಿಯ ಸೂಚ್ಯಂಕ 21,000ವನ್ನು ಮುಟ್ಟಿದ್ದಾಗ, ಸಹೋದ್ಯೋಗಿಗಳ ಉತ್ಸಾಹ ನೋಡಿ, ನಾನೂ ಸಾಲ ಮಾಡಿ ಕೆಲವು ಷೇರು ಕೊಂಡೆ. ಅಕ್ಟೋಬರ್‌ನಲ್ಲಿ ಸಾಲದ ಗಡುವು. ಸೂಚ್ಯಂಕ 9,000ಕ್ಕಿಂತ ಕೆಳಗೆ. ಮಾರಿದೆ. 2010ರ ನವೆಂಬರ್‌ನಲ್ಲಿ ಅದು ಮತ್ತೆ 21,000ವನ್ನು ಕಂಡಾಗ ನನ್ನಲ್ಲಿ ಒಂದು ಷೇರೂ ಇರಲಿಲ್ಲ. ಮನೆಯಾಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಹಾಗೆಂದು ಕಾದವರೆಲ್ಲ ಗೆದ್ದರೆಂದು ತಿಳಿಯಬಾರದು. ಬ್ಯಾಕ್‌ಬೇ ಕಾಗದವನ್ನು ಎಷ್ಟು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದರೂ ಅದಕ್ಕೆ ಜೀವ ಬರುತ್ತಿರಲಿಲ್ಲ. ಹಲವು ಉದ್ಯಮಗಳ ಸರಾಸರಿಯಾದ ಸೂಚ್ಯಂಕ ಮೇಲೇಳಬಹುದು. ಅದರ ಜೊತೆಗೆ ಒಂದೊಂದು ಕಂಪನಿಯೂ ಏಳಬೇಕೆಂಬ ನಿಯಮವಿಲ್ಲ. ರಾಮನಗರದ ಪೇಟೆಯಲ್ಲಿ ಗೂಡನ್ನು ಅಲುಗಿಸಿ ನೋಡುವವನ ವಿವೇಕ ಷೇರು ಕೊಳ್ಳುವವನಿಗೂ ಬೇಕು. ಹೊರಗಿನ ಹೊಳಪು ಒಂದು, ಒಳಗಿನ ನೂಲು ಇನ್ನೊಂದು.

ನನಗಾದರೋ ಸಂಬಳವಿತ್ತು, ನಷ್ಟವನ್ನು ತುಂಬಿಕೊಂಡೆ. ಮರುವರ್ಷ, 2011ರಲ್ಲಿ, ಕೇಂದ್ರದ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದರು. ಅಗ್ಗದ ಚೀನಾ ರೇಷ್ಮೆಯ ಎದುರಿಗೆ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. ಆ ದಿನಗಳಲ್ಲಿ ಕನಕಪುರದ ಕಡೆಯ ವಿದ್ಯಾರ್ಥಿಯೊಬ್ಬ ಪರೀಕ್ಷಾ ಶುಲ್ಕಕ್ಕೆ ಎರಡು ವಾರ ಅವಧಿ ಕೇಳಲು ತಂದೆಯೊಡನೆ ನಮ್ಮ ಮನೆಗೆ ಬಂದಿದ್ದ. ನಾನು ತಿಳಿದವನಂತೆ, “ಸ್ವಲ್ಪ ಕಾಯಿರಿ ಗೌಡರೇ, ಬೆಲೆ ಏರುತ್ತದೆ” ಎಂದೆ. ಅವರು ನಕ್ಕು, “ನಾನು ಕಾಯ್ತೀನಿ ಸ್ವಾಮಿ, ಹುಳ ಕಾಯ್ಬೇಕಲ್ಲ?” ಎಂದರು.

ಸುಂಕವನ್ನು ಮತ್ತೆ ಶೇಕಡ 15ಕ್ಕೆ ಏರಿಸಿದ್ದು 2013ರಲ್ಲಿ. ಆ ವೇಳೆಗೆ ಅವರು ಹಿಪ್ಪುನೇರಳೆಯನ್ನು ಕಿತ್ತು ಆ ಹೊಲಕ್ಕೆ ರಾಗಿ ಹಾಕಿದ್ದರು.