ನ್ಹಾವಾ ಶೇವಾ ಬಂದರಿನ ಸೈಬರ್ ಸುರಕ್ಷತೆ

ನವಿ ಮುಂಬಯಿಗೆ ಹೊಂದಿಕೊಂಡ ಉರಣ ತಾಲ್ಲೂಕಿನಲ್ಲಿರುವ ಜವಾಹರಲಾಲ್ ನೆಹರೂ ಬಂದರು (ನ್ಹಾವಾ ಶೇವಾ) 1989ರ ಮೇ 26ರಂದು ಕಾರ್ಯಾರಂಭ ಮಾಡಿತು. ಭಾರತದ ಬಂದರುಗಳ ಮೇಲಿನ ಸೈಬರ್ ದಾಳಿಗಳ ಚರಿತ್ರೆಯಲ್ಲಿ ಇದರ ಹೆಸರು ಎರಡು ಬಾರಿ ಬರುತ್ತದೆ.

2017ರ ದಾಳಿ: ಜೂನ್ 27ರಂದು ಯುಕ್ರೇನಿನ ತೆರಿಗೆ ಲೆಕ್ಕದ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ ಹರಡಿದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ, ಡೆನ್ಮಾರ್ಕಿನ ಮೇರ್ಸ್ಕ್ ಸಮೂಹದ ಜಾಲವನ್ನು ಹೊಕ್ಕಿತು. ಆ ಸಮೂಹದ ಎಪಿಎಂ ಟರ್ಮಿನಲ್ಸ್ ನಡೆಸುತ್ತಿದ್ದ ಇಲ್ಲಿನ ಗೇಟ್‌ವೇ ಟರ್ಮಿನಲ್ಸ್ ಇಂಡಿಯಾದ ಗಣಕವ್ಯವಸ್ಥೆ ನಿಂತು, ಕೆಲಸವನ್ನು ಕೈಯಿಂದಲೇ ಮಾಡಬೇಕಾಯಿತು. ಹಣ ಕೇಳುವ ವೇಷವಿದ್ದರೂ ಕಡತಗಳನ್ನು ಮರಳಿಸುವ ದಾರಿ ಅದರಲ್ಲಿರಲಿಲ್ಲ. ಆದ್ದರಿಂದ ಅದನ್ನು ವಿನಾಶಕ ತಂತ್ರಾಂಶವೆಂದು ಕರೆಯುವುದೇ ಸರಿ. ಮೇರ್ಸ್ಕ್ ಅಂದಾಜಿಸಿದ ಒಟ್ಟು ನಷ್ಟ 25ರಿಂದ 30 ಕೋಟಿ ಡಾಲರ್.

ಕಂಟೇನರ್ ಯಾರ್ಡಿನಲ್ಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಯಾವುದು ಯಾವ ಸಾಲಿನ ಎಷ್ಟನೇ ಮಜಲಿನಲ್ಲಿದೆ ಎಂಬುದು ಟರ್ಮಿನಲ್ ತಂತ್ರಾಂಶಕ್ಕಷ್ಟೇ ಪೂರ್ತಿ ಗೊತ್ತು. ಅದು ಕೈಕೊಟ್ಟಾಗಲೂ ಕ್ರೇನು ಎತ್ತಬಲ್ಲದು, ಯಾವುದನ್ನು ಎತ್ತಬೇಕೆಂದು ಹೇಳುವವರಿಲ್ಲ. ಗೇಟಿನಲ್ಲಿ ಲಾರಿಗಳು ಸಾಲುಗಟ್ಟುವುದು ಇದರಿಂದ.

ಆಗ ಉಳಿಯುವ ಆಧಾರ ಪೆಟ್ಟಿಗೆಯ ಮೇಲಿನ ಸಂಖ್ಯೆ. ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೊಂದು ತಾಳೆ ಅಂಕಿ. ಉದಾಹರಣೆಗೆ ಸಿಎಸ್‌ಕ್ಯುಯು 305438-3. ಅಕ್ಷರಗಳಿಗೆ 10ರಿಂದ 38ರವರೆಗೆ (11, 22, 33 ಬಿಟ್ಟು) ಬೆಲೆ ಕಟ್ಟಿ, ಎಡದಿಂದ ಕ್ರಮವಾಗಿ 1, 2, 4, 8 ಹೀಗೆ 512ರವರೆಗೆ ಗುಣಿಸಿ ಕೂಡಿದರೆ ಇಲ್ಲಿ 6185 ಬರುತ್ತದೆ. 11ರಿಂದ ಭಾಗಿಸಿದರೆ ಶೇಷ 3, ಅದೇ ತಾಳೆ ಅಂಕಿ. ಬರೆಯುವಾಗ ಅಂಕಿಯೊಂದು ತಪ್ಪಿದರೆ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತದೆ. ಆದರೆ ಪೆಟ್ಟಿಗೆ ಎಲ್ಲಿದೆ ಎಂಬುದನ್ನು ಈ ಸಂಖ್ಯೆ ಹೇಳದು.

2022ರ ದಾಳಿ: ಫೆಬ್ರುವರಿಯಲ್ಲಿ ಬಂದರಿನ ಸ್ವಂತ ಕಂಟೇನರ್ ಟರ್ಮಿನಲ್ ರ‍್ಯಾನ್ಸಮ್‌ವೇರ್‌ಗೆ ತುತ್ತಾಯಿತು, ಹಡಗುಗಳನ್ನು ಪಕ್ಕದ ಟರ್ಮಿನಲ್‌ಗಳಿಗೆ ಕಳುಹಿಸಲಾಯಿತು.

ಸಮುದ್ರದ ಮೇಲೆ: ಹಡಗಿನ ಸ್ಥಾನವನ್ನು ಸಾರುವ ಎಐಎಸ್ ಸಂಕೇತಕ್ಕೆ ಗೂಢಲಿಪಿಯ ಕಾವಲಿಲ್ಲ, ಜಿಪಿಎಸ್ ಸುಳ್ಳು ಹೇಳಿದರೆ ಅದೂ ಸುಳ್ಳು ಹೇಳುತ್ತದೆ. 2017ರ ಜೂನ್‌ನಲ್ಲೇ ಕಪ್ಪುಸಮುದ್ರದ ಹಲವು ಹಡಗುಗಳ ಉಪಕರಣಗಳು ತಾವು ವಿಮಾನ ನಿಲ್ದಾಣದಲ್ಲಿರುವುದಾಗಿ ತೋರಿಸಿದವು. ರೇಡಾರಿಗೂ ಕಣ್ಣಿಗೂ ತಾಳೆ ನೋಡುವುದನ್ನು ಹಡಗಿನವರು ಬಿಡುವಂತಿಲ್ಲ.

ನಿಯಮಗಳು: ಹಡಗು ಕಂಪನಿಗಳ ಸುರಕ್ಷತಾ ನಿರ್ವಹಣೆಯಲ್ಲಿ ಸೈಬರ್ ಅಪಾಯವನ್ನೂ ಸೇರಿಸಬೇಕೆಂಬ ಅಂತರರಾಷ್ಟ್ರೀಯ ಕಡಲ ಸಂಘಟನೆಯ ನಿರ್ಣಯ ಅಂಗೀಕಾರವಾದದ್ದು ನಾಟ್‌ಪೆಟ್ಯಾಗೆ ಹನ್ನೊಂದು ದಿನ ಮೊದಲು, 2017ರ ಜೂನ್ 16ರಂದು, ಜಾರಿಗೆ ಬಂದದ್ದು 2021ರಿಂದ. ಅದು ಹಡಗುಗಳಿಗೆ ಸಂಬಂಧಿಸಿದ್ದು, ದಡದ ಟರ್ಮಿನಲ್‌ಗಳಿಗಲ್ಲ. ಭಾರತದ ಸೈಬರ್ ತುರ್ತು ಪ್ರತಿಕ್ರಿಯಾ ತಂಡವಾದ ಸರ್ಟ್-ಇನ್‌ನ, ದಡಕ್ಕೂ ಅನ್ವಯಿಸುವ ಆದೇಶ 2022ರ ಏಪ್ರಿಲ್ 28ರದು: ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು.