ಕೈಮಗ್ಗದ ಮನೆತಯಾರಿ ಸಲಕರಣೆಗಳು

ಮಗ್ಗದ ಚೌಕಟ್ಟನ್ನು ಬಡಗಿ ಕಟ್ಟಿಕೊಡುತ್ತಾನೆ. ಅದಕ್ಕೆ ಬೇಕಾದ ಚಿಕ್ಕಪುಟ್ಟ ಸಾಧನಗಳನ್ನು ನೇಕಾರರ ಮನೆಯವರೇ ಮಾಡಿಕೊಳ್ಳುವ ರೂಢಿ ಹಳೆಯದು. ಹಾಸಿನ ಎಳೆಗಳನ್ನು ಎತ್ತಿಳಿಸುವ ಹೀಲ್ಡ್ ಕುಣಿಕೆಗಳು, ಲಾಳಿಯೊಳಗೆ ನೂಲು ಸುತ್ತಿಡುವ ಕಂಡಿಕೆ, ರಾಟೆ, ಬಟ್ಟೆಯ ಅಗಲ ಕಾಯುವ ಕೋಲು, ಹೊಕ್ಕೆಳೆಯನ್ನು ಬಡಿದು ಕೂರಿಸುವ ಹಣಿಗೆಯಲ್ಲಿ ಎಳೆ ಸೇದುವ ಕೊಕ್ಕೆ ಇವುಗಳಲ್ಲಿ ಮುಖ್ಯವಾದವು. ಇಳಕಲ್, ಗುಳೇದಗುಡ್ಡ, ಉಡುಪಿಯ ಮಗ್ಗಗಳಿಗೆ ಬೇಕಾದುದೇ ಬಂಗಾಳದ ನಾದಿಯಾ ಜಿಲ್ಲೆಯ ಶಾಂತಿಪುರ, ಫುಲಿಯಾ ಮಗ್ಗಗಳಿಗೂ ಬೇಕು. ನಮ್ಮ ಲಾಳಿ ಅಲ್ಲಿ ಮಾಕು, ಹಣಿಗೆ ಅಲ್ಲಿ ಶಾನಾ.

ಹೆಚ್ಚು ತಾಳ್ಮೆ ಬೇಡುವುದು ಹೀಲ್ಡ್. ಹಲಗೆಯೊಂದಕ್ಕೆ ಒಂದೇ ಸಾಲಿನಲ್ಲಿ ನಾಲ್ಕು ಮೊಳೆ ಹೊಡೆದು, ಹುರಿಮಾಡಿದ ಹತ್ತಿದಾರವನ್ನು ಅವುಗಳ ಸುತ್ತ ತಂದು ಗಂಟು ಹಾಕುತ್ತಾರೆ. ನಡುವಿನ ಎರಡು ಮೊಳೆಗಳ ನಡುವೆ ಎಳೆ ಹಾಯುವ ಕಣ್ಣು ಮೂಡುತ್ತದೆ. ಅಳತೆ ಹಲಗೆಯಲ್ಲೇ ಇರುವುದರಿಂದ ಎಲ್ಲ ಕುಣಿಕೆಗಳೂ ಒಂದೇ ಉದ್ದಕ್ಕೆ ಬರುತ್ತವೆ. ಒಂದು ಕಣ್ಣು ಕೆಳಗಿಳಿದರೂ ಅದರ ಎಳೆ ಉಳಿದವುಗಳ ಮಟ್ಟಕ್ಕೆ ಏಳದು. ಲಾಳಿ ಅದರ ಮೇಲೆ ಹಾಯ್ದು ಬಟ್ಟೆಯಲ್ಲಿ ತಪ್ಪು ಉಳಿಯುತ್ತದೆ. ಇಂಚಿಗೆ 60 ಎಳೆಯಂತೆ 45 ಇಂಚು ಅಗಲದ ಹಾಸಿಗೆ 2,700 ಕುಣಿಕೆ ಬೇಕು. ಬೇಸರದ ಕೆಲಸವೇ ಸರಿ. ಆದರೂ ತಂತಿಯ ಹೀಲ್ಡ್ ಬಂದ ಮೇಲೂ ದಾರದ್ದು ಉಳಿದಿರುವುದಕ್ಕೆ ಕಾರಣವಿದೆ. ನೇಯ್ಗೆಯ ನಡುವೆ ಒಂದು ಹರಿದರೆ ಹಾಸು ಬಿಚ್ಚದೆ, ಅದೇ ಜಾಗದಲ್ಲಿ ಹೊಸದನ್ನು ಕಟ್ಟಬಹುದು.

ಅಗಲ ಕಾಯುವ ಕೋಲಿಗೆ ಎರಡು ಬಿದಿರ ಸೀಳು, ತುದಿಗೆ ಚೂಪು ಮೊಳೆ, ನಡುವೆ ಬಿಗಿಯಲು ಹಗ್ಗ ಸಾಕು. ಇದನ್ನು ಬಟ್ಟೆಯ ಎರಡೂ ಅಂಚಿಗೆ ಚುಚ್ಚಿ, ನೇಯ್ಗೆ ಎರಡು ಮೂರು ಇಂಚು ಸಾಗಿದಂತೆಲ್ಲ ಮುಂದಕ್ಕೆ ಸರಿಸಬೇಕು. ಇಲ್ಲದಿದ್ದರೆ ಹೊಕ್ಕಿನ ಬಿಗಿತಕ್ಕೆ ಅಂಚು ಒಳಸರಿದು, ಅಂಚಿನ ಎಳೆಗಳು ಹಣಿಗೆಗೆ ಉಜ್ಜಿ ಹರಿಯುತ್ತವೆ. ಹಳೆಯ ಸೈಕಲ್ ಗಾಲಿ ರಾಟೆಯಾಗುತ್ತದೆ, ಹ್ಯಾಕ್ಸಾ ಬ್ಲೇಡಿನ ತುಂಡು ಕೊಕ್ಕೆಯಾಗುತ್ತದೆ. ಕೊಕ್ಕೆಯ ಹಲ್ಲುಗಳನ್ನು ತೇಯ್ದು, ಎಮೆರಿ ಕಾಗದದಿಂದ ನುಣುಪು ಮಾಡದಿದ್ದರೆ ರೇಷ್ಮೆ ಎಳೆ ಸಿಬಿರೇಳುತ್ತದೆ.

ಎಲ್ಲವನ್ನೂ ಮನೆಯಲ್ಲೇ ಮಾಡಲು ಹೋಗುವುದು ಜಾಣತನವಲ್ಲ. ಹಿಂದೆ ಹಣಿಗೆಯನ್ನು ಬಿದಿರು, ಜೊಂಡಿನ ಸೀಳುಗಳಿಂದ ಕಟ್ಟುತ್ತಿದ್ದರು. ಅದು ನುರಿತವರ ಕಸುಬು. 60ನೇ ನಂಬರಿನ ಹಣಿಗೆಯಲ್ಲಿ ಎರಡು ಇಂಚಿಗೆ 60 ಸಂದುಗಳಿದ್ದು, ಒಂದೊಂದರಲ್ಲಿ ಎರಡು ಎಳೆ ಹಾಯುತ್ತವೆ. ಒಂದು ಸಂದು ಹೆಚ್ಚು ಕಡಿಮೆಯಾದರೆ ಬಟ್ಟೆಯುದ್ದಕ್ಕೂ ಗೀರು ಬೀಳುತ್ತದೆ. ಹಗ್ಗ ಜಗ್ಗಿ ಹಾರಿಸುವ ಲಾಳಿಯದು ಬೇರೆ ಅಪಾಯ. ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ರೂಪಿಸಿದ ಈ ಲಾಳಿಯ ಮಗ್ಗಗಳನ್ನು ಮಂಗಳೂರಿಗೆ ತಂದವನು 1851ರಲ್ಲಿ ಬಂದ ಬಾಸೆಲ್ ಮಿಷನ್ನಿನ ಹಾಲರ್. ಲಾಳಿಯ ತುದಿಗೆ ಕಬ್ಬಿಣದ ಮೊನೆಯಿರುತ್ತದೆ. ತೂಕ ತಪ್ಪಿದರೆ ಮಗ್ಗದಿಂದ ಸಿಡಿದು ಹೊರಬೀಳುತ್ತದೆ. ಹಣಿಗೆ, ಹಾರುಲಾಳಿ ಈ ಎರಡನ್ನು ಕೊಂಡೇ ತರಬೇಕು.