ಶ್ರೀರಂಗಪಟ್ಟಣದ ಸುದ್ದಿ

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಸೀಮೆಗೆ ಹೋದವರು ಬ್ರಹ್ಮಗಿರಿಯ ಅಶೋಕ ಶಾಸನವನ್ನು ನೋಡದೆ ಹಿಂದಿರುಗುವುದು ಅಪೂರ್ವ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ರಾಜಾಜ್ಞೆ ಅದು. ನಮ್ಮ ನಾಡಿನ ಅತಿ ಹಳೆಯ ಸರ್ಕಾರಿ ಪ್ರಕಟಣೆಗಳಲ್ಲೊಂದು. ಅದರಲ್ಲಿ ಧರ್ಮದ ಮಾತುಂಟು, ಕಳಿಂಗ ಯುದ್ಧದ ಮಾತಿಲ್ಲ. ಆ ಯುದ್ಧದಲ್ಲಿ ಒಂದು ಲಕ್ಷ ಜನ ಮಡಿದರೆಂದು ಅಶೋಕನೇ ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಪರಿತಪಿಸಿದ್ದಾನೆ. ಆದರೆ ಕಳಿಂಗದಲ್ಲೇ ಇರುವ ಧೌಲಿ, ಜೌಗಡಗಳ ಬಂಡೆಗಳ ಮೇಲೆ ಆ ಶಾಸನವನ್ನು ಕೆತ್ತಿಸಲಿಲ್ಲ. ಯುದ್ಧದ ಸುದ್ದಿಯನ್ನು ಯಾರಿಗೆ ಎಷ್ಟು ಹೇಳಬೇಕೆಂಬುದನ್ನು ಗೆದ್ದವರೇ ತೀರ್ಮಾನಿಸುವ ಪದ್ಧತಿ ಅಷ್ಟು ಹಳೆಯದು.

ಅಚ್ಚಿನ ಪತ್ರಿಕೆಗಳು ಬಂದ ಮೇಲೂ ಅದು ಹೋಗಲಿಲ್ಲ. ನಮ್ಮ ಮೈಸೂರು ಸೀಮೆಯಲ್ಲೇ ನಡೆದ ಯುದ್ಧ ಇದಕ್ಕೆ ಸಾಕ್ಷಿ. 1799ರಲ್ಲಿ ಕುಂಪಣಿಯ ಸೈನ್ಯ ಟೀಪು ಸುಲ್ತಾನನ ಮೇಲೆ ಏರಿಬಂದಾಗ ಗವರ್ನರ್ ಜನರಲ್ ವೆಲ್ಲೆಸ್ಲಿ ಮದರಾಸಿನಲ್ಲಿದ್ದನು. ಐರೋಪ್ಯರ ಬಲವನ್ನೂ ಈ ದೇಶದವರ ಬಲವನ್ನೂ ತೂಗಿ ನೋಡುವ ಲೇಖನವೊಂದು ಕಲ್ಕತ್ತೆಯ 'ಏಷ್ಯಾಟಿಕ್ ಮಿರರ್' ಪತ್ರಿಕೆಯಲ್ಲಿ ಅಚ್ಚಾಯಿತು. ಇಂಥ ಸಂಪಾದಕರು ಸುಮ್ಮನಾಗದಿದ್ದರೆ ಪತ್ರಿಕೆಗಳನ್ನು ಬಲವಂತದಿಂದ ನಿಲ್ಲಿಸಿ, ಅವರನ್ನು ಯೂರೋಪಿಗೆ ಸಾಗಹಾಕಬೇಕೆಂದು ವೆಲ್ಲೆಸ್ಲಿ ಕಲ್ಕತ್ತೆಗೆ ಬರೆದನು.

ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟೀಪು ಮಡಿದನು. ಮೇ 13ರಂದು ಕಲ್ಕತ್ತೆಯಲ್ಲಿ ಪತ್ರಿಕಾ ನಿಯಮಗಳು ಹೊರಟವು. ನಿಯಮಗಳು ಐದೇ: ಮುದ್ರಕನ ಹೆಸರು ಪತ್ರಿಕೆಯ ಅಡಿಯಲ್ಲಿರಬೇಕು, ಸಂಪಾದಕನೂ ಒಡೆಯನೂ ತಮ್ಮ ಹೆಸರು, ವಾಸಸ್ಥಳಗಳನ್ನು ಸರ್ಕಾರಕ್ಕೆ ತಿಳಿಸಬೇಕು, ಭಾನುವಾರ ಪತ್ರಿಕೆ ಹೊರಡಕೂಡದು, ಸರ್ಕಾರದ ಕಾರ್ಯದರ್ಶಿ ಓದಿ ನೋಡುವ ಮುಂಚೆ ಯಾವ ಪತ್ರಿಕೆಯೂ ಹೊರಬೀಳಕೂಡದು, ತಪ್ಪಿದವನಿಗೆ ಕೂಡಲೇ ಯೂರೋಪಿನ ಹಡಗು.

ಅಂದಿನ ಪತ್ರಿಕೆಗಳವರು ಬಹುಮಟ್ಟಿಗೆ ಪರದೇಶದವರು. ಕುಂಪಣಿಯ ಅಪ್ಪಣೆಯಿಲ್ಲದೆ ಅವರು ಇಲ್ಲಿ ನೆಲೆಸುವಂತಿರಲಿಲ್ಲ. ಆದ್ದರಿಂದ ವಿಚಾರಣೆ, ಸೆರೆಮನೆಗಳ ಗೊಡವೆಯೇ ಬೇಕಿರಲಿಲ್ಲ. ಅಪ್ಪಣೆಯನ್ನು ಹಿಂತೆಗೆದರೆ ಮುಗಿಯಿತು. 'ಇಂಡಿಯನ್ ವರ್ಲ್ಡ್' ಪತ್ರಿಕೆಯ ವಿಲಿಯಂ ಡ್ವೇನನನ್ನು ಕೆಲವು ವರ್ಷ ಮೊದಲೇ ಹೀಗೆ ಹಡಗು ಹತ್ತಿಸಿದ್ದರು.

ಶ್ರೀರಂಗಪಟ್ಟಣ ಬಿದ್ದ ರಾತ್ರಿ ಅಲ್ಲಿ ನಡೆದದ್ದೇನು? ಮರುದಿನ ಬೆಳಗ್ಗೆ ಪಟ್ಟಣದ ಅಧಿಕಾರ ವಹಿಸಿಕೊಂಡವನು ಗವರ್ನರ್ ಜನರಲನ ತಮ್ಮ ಆರ್ಥರ್ ವೆಲ್ಲೆಸ್ಲಿ. ಊರಿನಲ್ಲಿ ಸೂರೆಯಾಗದ ಮನೆ ಉಳಿದದ್ದೇ ಅಪರೂಪವೆಂದೂ, ಗಲ್ಲು, ಚಾವಟಿಗಳಿಂದ ತನ್ನ ಕಡೆಯವರನ್ನು ಹತೋಟಿಗೆ ತಂದೆನೆಂದೂ ಅವನು ಅಣ್ಣನಿಗೆ ಕಾಗದ ಬರೆದನು. ಆ ಕಾಗದ ಅಚ್ಚಾಗಿ ಲೋಕದ ಕೈಸೇರಿದ್ದು ಎಷ್ಟೋ ದಶಕಗಳ ಅನಂತರ. ಸೈನ್ಯದ ಮೋಜಣಿ ಅಧಿಕಾರಿ ಬೀಟ್ಸನ್ ಬರೆದ ಯುದ್ಧಚರಿತ್ರೆಯಾದರೋ 1800ರಲ್ಲೇ ಲಂಡನ್ನಿನಲ್ಲಿ ಹೊರಬಂದಿತು.

ಇದರೊಡನೆ 1858ರ ಲಕ್ನೋವನ್ನು ಹೋಲಿಸಿ ನೋಡಬೇಕು. ಅಲ್ಲಿಯೂ ಗೆದ್ದ ಸೈನ್ಯ ಕೈಸರ್‌ಬಾಗನ್ನು ಸೂರೆಮಾಡಿತು. ಆದರೆ ಅಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಯ ವಿಲಿಯಂ ಹೊವಾರ್ಡ್ ರಸೆಲ್ ಇದ್ದನು. ಅವನೂ ಗೆದ್ದವರ ಡೇರೆಯಲ್ಲಿ ಉಂಡವನೇ. ಆದರೂ ಕಂಡದ್ದನ್ನು ಬರೆದನು. ಲೂಟಿ ನಿಲ್ಲಲಿಲ್ಲ, ನಿಜ. ಆದರೆ ಅದು ಅಣ್ಣತಮ್ಮಂದಿರ ಗುಟ್ಟಾಗಿ ಉಳಿಯಲಿಲ್ಲ.

ದಂಡಿನ ಚಲನವಲನ ಶತ್ರುವಿಗೆ ತಿಳಿಯಬಾರದೆಂಬ ವಾದ ತಳ್ಳಿಹಾಕುವಂಥದಲ್ಲ. ಆದರೆ ಶತ್ರು ಸತ್ತ ಮೇಲೆ ಹುಟ್ಟಿದ ಆ ನಿಯಮ 1818ರವರೆಗೆ, 19 ವರ್ಷ, ಬದುಕಿತ್ತು. ನಮ್ಮ ಕಾಲದಲ್ಲೂ, 2023ರ ಅಕ್ಟೋಬರಿನಲ್ಲಿ ಗಾಜಾದ ಯುದ್ಧ ಮೊದಲಾದ ಮೇಲೆ, ಇಸ್ರೇಲು ಹೊರದೇಶದ ಪತ್ರಕರ್ತರನ್ನು ತನ್ನ ಸೈನ್ಯದ ಬೆಂಗಾವಲಿನಲ್ಲಲ್ಲದೆ ಸಾಮಾನ್ಯವಾಗಿ ಒಳಗೆ ಬಿಡಲಿಲ್ಲ. ಸುದ್ದಿಯ ಹೊರೆಯೆಲ್ಲ ಅಲ್ಲಿನವರೇ ಆದ ಪತ್ರಕರ್ತರ ಮೇಲೆ ಬಿದ್ದಿತು. ಅವರಲ್ಲಿ ಅನೇಕರು ಪ್ರಾಣ ತೆತ್ತರು.

ಶ್ರೀರಂಗಪಟ್ಟಣದಲ್ಲಿ ಟೀಪುವಿನ ದೇಹ ಸಿಕ್ಕ ಜಾಗಕ್ಕೆ ಗುರುತಿನ ಕಲ್ಲುಂಟು. ಸೂರೆಹೋದ ಮನೆಗಳವರ ಪಾಡನ್ನು ಮಾತ್ರ ಗೆದ್ದವನ ಕಾಗದದಿಂದಲೇ ನಾವು ಊಹಿಸಿಕೊಳ್ಳಬೇಕಾಗಿದೆ.